ಅಂಗಳ ದಾಟಿ ಬಂದ ಕರೆಂಟು

"ನಮ್ಮ ಮಾಳಿಗಿ ಮ್ಯಾಲ ತಂತಿ ಎಳಿಯಂಗಿಲ್ರಿ. ಕೋರ್ಟಿಂದ ಸ್ಟೇ ತಂದೀನಿ."

ಲೈನ್‌ಮನ್‌ಗಳ ಎದುರು ಕಾಗದ ಹಿಡಿದು ನಿಂತ ವೀರಭದ್ರನನ್ನು ಅರುಣಾ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಹಚ್ಚೊಳ್ಳಿಯಲ್ಲಿ ಅವನ ಮನೆಯ ಹಿಂದಿನ ಜಾಗದಲ್ಲಿ ಅವಳು ಹೊಸದಾಗಿ ಪುಟ್ಟ ಮನೆ ಕಟ್ಟಿಸಿದ್ದಳು. ಬಟ್ಟೆ ಹೊಲಿದು ಅವ್ವನನ್ನು ಸಾಕುವವಳು. ಹಿತ್ತಲಿಗೆ ಕಾಲುವೆ, ಮುಂದೆ ಅವನ ಮನೆ. ಕಂಬದಿಂದ ಕರೆಂಟು ಬರಬೇಕೆಂದರೆ ಅವನ ಜಾಗ ದಾಟಲೇಬೇಕು.

"ನಮ್ಮವ್ವಗ ದಮ್ಮೈತಿ. ಉಸಿರಿನ ಮಷಿನ್ನಿಗೆ ಕರೆಂಟ್ ಬೇಕ್ರಿ," ಎಂದಳು.

ಅವನು ತಲೆ ತಗ್ಗಿಸಿದ. "ಮಷಿನ್ ಹಚ್ಚಾಕ ಅವ್ವನ್ನ ನಮ್ಮನಿಗೆ ಕರ್ಕೊಂಡು ಬರ್ರಿ. ತಂತಿ ಮಾತ್ರ ಬ್ಯಾಡ."

ಕತ್ತಲೆಯನ್ನೂ ಕೊಟ್ಟು ಉಪಕಾರವನ್ನೂ ಮಾಡ್ತಾನಂತೆ... ಅರುಣಾಳ ಮೈ ಉರಿಯಿತು.

ಸಿರುಗುಪ್ಪದ ಕೋರ್ಟಿಗೆ ಅಲೆದಾಟ ಶುರುವಾಯಿತು. ಕರೆಂಟು ಪಡೆಯುವುದು ಮನೆಯಲ್ಲಿರುವವರ ಹಕ್ಕು ಎಂದು ಅವಳ ವಕೀಲರು ವಾದಿಸಿದರು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮನೆ ಮೇಲೆ ತಂತಿ ಹಾಯಿಸುವಂತಿಲ್ಲ ಎಂದು ಅವನ ವಕೀಲರು. ತಾರೀಕಿನ ಮೇಲೆ ತಾರೀಕು.

ಇಬ್ಬರಿಗೂ ಅದೇ ಬಸ್ಸು. ಅವನು ಎದ್ದು ಸೀಟು ಬಿಟ್ಟುಕೊಟ್ಟರೆ ಅವಳು ನಿಂತೇ ಬರುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ದೊಡ್ಡಬಸಮ್ಮನಿಗೆ ಉಸಿರೇ ಸಿಗದಾಯಿತು. ತುಟಿ ನೀಲಿಗಟ್ಟಿತು. ಅರುಣಾಳ ಕೂಗು ಕೇಳಿ ವೀರಭದ್ರ ಓಡಿ ಬಂದ. ಏನೂ ಕೇಳದೆ ಅವ್ವನನ್ನು ಎತ್ತಿಕೊಂಡು ತನ್ನ ಮನೆಗೆ ನಡೆದ. ಅರುಣಾ ಮಷಿನ್ ಹಿಡಿದು ಹಿಂದೆ ಓಡಿದಳು.

ಅವ್ವನ ಉಸಿರು ತಹಬಂದಿಗೆ ಬಂದಾಗಲೇ ಅವಳು ಸುತ್ತ ನೋಡಿದ್ದು. ಗೋಡೆಯ ಮೇಲೆ ಹಾರ ಹಾಕಿದ ಯುವಕನ ಫೋಟೋ.

ವೀರಭದ್ರನ ತಾಯಿ ಹೊನ್ನೂರಮ್ಮ ಮೆಲ್ಲಗೆ ಹೇಳಿದಳು. ಫೋಟೋದಲ್ಲಿದ್ದವನು ಕಿರಿಮಗ ಮೂಕಪ್ಪ. ಮಾಳಿಗೆ ಮೇಲೆ ಒದ್ದೆ ಬಟ್ಟೆ ಹರವುವಾಗ ಜೋತುಬಿದ್ದ ತಂತಿ ತಗುಲಿತ್ತು. ಬಿಡಿಸಲು ನುಗ್ಗಿದ ವೀರಭದ್ರನನ್ನು, ಇವನೂ ಹೋಗುತ್ತಾನೆಂದು ಜನ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕಣ್ಣೆದುರೇ ತಮ್ಮ ಹೋದ.

ಅರುಣಾ ಮತ್ತೆ ಫೋಟೋದತ್ತ ನೋಡಿದಳು. ಇಷ್ಟು ದಿನ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ?

ಹೊರಗೆ ಕಟ್ಟೆ ಮೇಲೆ ಕೂತಿದ್ದವನ ಹತ್ತಿರ ಹೋದಳು. "ಕೋರ್ಟಿನಾಗ ಇದನ್ನ ಯಾಕ ಹೇಳಲಿಲ್ರಿ?"

"ತಮ್ಮನ ಸಾವು ಮುಂದಿಟ್ಟು ಗೆಲ್ಲಾಕ ಮನಸು ಬರಲಿಲ್ರಿ."

ಅವಳ ಕಣ್ಣು ತುಂಬಿ ಬಂತು. "ತಂತಿ ಬ್ಯಾಡ್ರಿ. ಅವ್ವನ್ನ ಕರ್ಕೊಂಡು ಸಿರುಗುಪ್ಪದಾಗ ಬಾಡಿಗಿ ಮನಿ ಹಿಡಿತೀನಿ."

ಅವನು ಕಟ್ಟೆಯಿಂದ ಎದ್ದ. "ಹೋಗಬ್ಯಾಡ್ರಿ," ಎಂದ. "ಬ್ಯಾರೆ ದಾರಿ ಐತೇನು ಕೇಳೂಣು."

ಮರುದಿನ ಇಬ್ಬರೂ ವಿದ್ಯುತ್ ಕಚೇರಿಗೆ ಹೋದರು. ಅವನ ಒಪ್ಪಿಗೆ ಇದ್ದರೆ ಅಂಗಳದ ನೆಲದೊಳಗೆ ಕೇಬಲ್ ಹಾಕಬಹುದೆಂದು ಅಧಿಕಾರಿ ಹೇಳಿದರು. ಕೋರ್ಟಿನಲ್ಲಿ ರಾಜಿಯಾಯಿತು. ಆಳುಗಳನ್ನು ಕರೆಯದೆ ಅವನೇ ಅಂಗಳ ಅಗೆದ. ಅರುಣಾ ಮಜ್ಜಿಗೆ ತಂದಳು; ಚೆಂಬು ಖಾಲಿಯಾದ ಮೇಲೂ ಅಲ್ಲೇ ನಿಂತಳು...

ಮೀಟರ್ ಕೂಡಿಸಿದ ಸಂಜೆ ಅವ್ವ ಸ್ವಿಚ್ ಹಾಕು ಎಂದು ಅವನಿಗೇ ಹೇಳಿದಳು. ಅವನ ಬೆರಳು ಸ್ವಿಚ್ಚಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಅರುಣಾ ಅವನ ಕೈ ಮೇಲೆ ಕೈಯಿಟ್ಟಳು. ಇಬ್ಬರೂ ಸೇರಿ ಒತ್ತಿದರು. ಮನೆ ಬೆಳಕಾಯಿತು.

ಅವಳು ಕೈ ತೆಗೆಯಲಿಲ್ಲ.

"ಇನ್ನೇನಾದ್ರೂ ತಕರಾರು ಐತೇನ್ರಿ?" ಎಂದು ಕೇಳಿದ.

"ಒಂದೈತಿ. ಇನ್ನಾ ನನಗ ರೀ ಹಚ್ಚಿ ಮಾತಾಡ್ತೀರಲ್ಲ... ಅದು."

ಅವನು ನಕ್ಕ. ಆ ನಗು ಅವಳು ಎಂದೂ ನೋಡಿರಲಿಲ್ಲ.

"ಅರುಣಾ... ನಮ್ಮವ್ವನ್ನ ನಾಳೆ ನಿಮ್ಮನಿಗೆ ಕಳಿಸ್ಲಾ? ನಿನ್ನ ಕೇಳಾಕ."

"ಕಳಿಸ್ರಿ," ಎಂದಳು ಮೆಲ್ಲಗೆ. "ನೀವೂ ಜೋಡಿ ಬರ್ರಿ."