ಯಶೋಧರಾಳ ಮಾತಿಲ್ಲದ ಸಿನಿಮಾ

"ಎಲ್ಲಿ ಆ ಕ್ಯಾಸೆಟ್? ಕೊಡ್ರೀ ಇಲ್ಲಿ!"

ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಮಧುಕುಮಾರನ ಕೈಯಲ್ಲಿದ್ದ ಕಾಫಿ ತುಳುಕಿತು. ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರಿನ ಅವನ ವಿಡಿಯೋ ಅಂಗಡಿಯ ಹೊಸ್ತಿಲಲ್ಲಿ ಯಶೋಧರಾ ನಿಂತಿದ್ದಳು. ಅಳು ನಿನ್ನೆಯೇ ಮುಗಿದಿತ್ತು. ಈಗ ಅವಳೊಳಗೆ ಉಳಿದಿದ್ದು ಬರೀ ಸಿಟ್ಟು!

ಮದುವೆ ವಿಡಿಯೋ ತೆಗೆಯುವ ಮಧು ಬಿಡುವಿನ ದಿನಗಳಲ್ಲಿ ಒಂದು ಸಿನಿಮಾ ಮಾಡಿದ್ದ. ತಾರೆಯಾಗಲು ಹೊರಟ ಸಣ್ಣ ಊರಿನ ಹುಡುಗಿಯ ಕಥೆ. "ನೋಡಿದವರೆಲ್ಲ ಅತ್ತುಬಿಡ್ತಾರೆ" ಎಂದು ಹೇಳಿ ಯಶೋಧರಾಳನ್ನು ನಾಯಕಿ ಮಾಡಿದ್ದ. ನಟಿಯಾಗುವುದು ಅವಳ ಕನಸೂ ಆಗಿತ್ತು. ಪುಟಗಟ್ಟಲೆ ಮಾತು ಬಾಯಿಪಾಠ ಮಾಡಿ, ನಿಜವಾಗಿಯೇ ಅತ್ತಿದ್ದಳು.

ನಿನ್ನೆ ಸಂಜೆ ಊರಿನ ಕೇಬಲ್ ಟಿವಿಯಲ್ಲಿ ಅದು ಬಂತು. ಅವಳ ಒಂದು ಮಾತೂ ಇರಲಿಲ್ಲ! ಮಾತಿನ ಜಾಗದಲ್ಲಿ ತಬಲಾ. ಅಲ್ಲಲ್ಲಿ ತೆರೆ ಮೇಲೆ ಎರಡು ಸಾಲು ಬರಹ. ನೆರೆಹೊರೆಯವರೆಲ್ಲ ಕೂತಿದ್ದ ಮನೆಯಲ್ಲಿ ನಗುವೋ ನಗು... ಅರ್ಧಕ್ಕೇ ಎದ್ದವಳು ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡಿದ್ದಳು.

"ಹಳೇಬೀಡು ಕೆರೆ ಏರಿ ಮೇಲೆ ನಾನು ಅಳ್ತಿದ್ರೆ ಮೇಕೆ ನನ್ನ ದುಪಟ್ಟಾ ತಿಂತಿತ್ತು. ಅದನ್ನ ಕಟ್ ಮಾಡ್ತೀನಿ ಅಂದಿದ್ರಿ!"

"ಅಂದಿದ್ದೆ..."

"ಬೇಕಂತಲೇ ಇಟ್ರಿ! ಬೇಕಂತಲೇ ನನ್ನ ಮಾತು ಕಿತ್ತುಹಾಕಿದ್ರಿ! ಬೆಳಗ್ಗೆ ಹಾಲಿಗೆ ಹೋದ್ರೆ ಪಕ್ಕದ್ಮನೆ ಲಲಿತಮ್ಮ 'ಮ್ಯಾ' ಅಂದ್ರು ಕಣ್ರೀ! ನಮ್ಮನ್ನ ನೋಡಿ ನಗೋರು ಈ ಊರಲ್ಲಿ ಮೊದಲೇ ಕಮ್ಮಿ ಇದ್ರಾ? ಯಾರೂ ನಗಬಾರದು ಅಂತಾನೇ ನಮ್ಮಪ್ಪ ಓದಿ ಮೇಷ್ಟ್ರಾದ್ರು. ನಮ್ಮ ಕೇರೀಲೇ ಹುಟ್ಟಿದ ನಿಮಗೆ ಅದು ಗೊತ್ತಿಲ್ವಾ?"

ಗೊತ್ತಿತ್ತು. ಮಧು ತಲೆ ತಗ್ಗಿಸಿದ. ಕ್ಯಾಸೆಟ್ ತೆಗೆದು ಅವಳ ಕೈಗಿಟ್ಟ.

"ಇದೊಂದೇ ಇರೋದು. ಟೇಪ್ ಕಿತ್ತು ಹಾಕಿ. ನಾನು ತಡೆಯಲ್ಲ."

ಅವಳ ಬೆರಳು ಟೇಪಿನ ಮೇಲೆ ನಿಂತಿತು. 'ಕಿತ್ತರೆ ಮುಗೀತು. ಇನ್ಯಾವತ್ತೂ ಕ್ಯಾಮೆರಾ ಮುಂದೆ ನಿಲ್ಲಲ್ಲ...'

"ಹಾಕ್ರೀ ಇದನ್ನ. ನನ್ನ ಏನು ಮಾಡಿದೀರಿ ಅಂತ ಪೂರ್ತಿ ನೋಡಿಯೇ ಕೀಳ್ತೀನಿ!"

ಟಿವಿ ಮುಂದೆ ಕೈ ಕಟ್ಟಿ ಕೂತಳು. ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ನಾಯಕಿ ಶಿಲಾಬಾಲಿಕೆಯ ಭಂಗಿಯಲ್ಲಿ ಮೈಮರೆತು ನಿಂತಳು. ಅವಳ ಬ್ಯಾಗು ಹೊತ್ತ ಬಸ್ಸು ಹೊರಟೇಹೋಯಿತು. ಬಾಣಾವರದಲ್ಲಿ ನಿಲ್ಲದ ರೈಲಿಗೆ ರಾಣಿಯಂತೆ ಕೈ ಬೀಸಿದಳು; ಕಿಟಕಿಯಿಂದ ಯಾರೋ ಎಸೆದ ಕಡಲೆಕಾಯಿ ಸಿಪ್ಪೆಗೆ, ಹೂವೇ ಬಿತ್ತೆಂಬಂತೆ ಕೈ ಮುಗಿದಳು. ಆಮೇಲೆ ಮೇಕೆ. ಅಳುತ್ತಲೇ ಅವಳು ದುಪಟ್ಟಾ ಎಳೆದಳು, ಮೇಕೆಯೂ ಎಳೆಯಿತು. ಕೊನೆಗೆ ಉಳಿದ ತುಂಡಿನಲ್ಲೇ ಗಂಭೀರವಾಗಿ ಕಣ್ಣೊರೆಸಿಕೊಂಡಳು.

ಯಶೋಧರಾಳಿಗೆ ಫಕ್ಕನೆ ನಗು ಬಂದುಬಿಟ್ಟಿತು!

ಥೂ! ತನ್ನ ಮೇಲೇ ಸಿಟ್ಟು ಬಂತು. ಆದರೆ ಆ ಹುಡುಗಿ ಎಷ್ಟು ಸೋತರೂ ಒಮ್ಮೆಯೂ ತಲೆ ತಗ್ಗಿಸಿರಲಿಲ್ಲ. 'ಇಷ್ಟು ಚೆನ್ನಾಗಿ ಮಾಡಿದೀನಾ ನಾನು?'

"ಇಲ್ಲಿ ಬೇಗ ಕಟ್ ಮಾಡಿದೀಯ" ಗದರಿದಳು. "ನಾನು ಮೇಕೆ ಕಡೆ ತಿರುಗಿ ನೋಡೋವರೆಗೆ ಬಿಡಬೇಕಿತ್ತು. ಇನ್ನೂ ನಗ್ತಿದ್ರು."

ಮಧು ಕಣ್ಣರಳಿಸಿದ.

"ಏನು ನೋಡ್ತೀಯ? ನನಗೆ ನಗಿಸೋಕೆ ಬರುತ್ತೆ ಅಂತ ಗೊತ್ತಿದ್ದೂ ಸುಳ್ಳು ಯಾಕೆ ಹೇಳಿದೆ?"

"ಹಾಸ್ಯ ಅಂದಿದ್ರೆ ನೀವು ಒಪ್ತಿರಲಿಲ್ಲ... ಒಪ್ಪದಿದ್ರೆ ದಿನಾ ನಿಮ್ಮನ್ನ ನೋಡೋಕೆ ನನಗೆ ಬೇರೆ ನೆಪಾನೇ ಇರಲಿಲ್ಲ." ಅವನು ಟಿವಿ ಆರಿಸಿದ. "ಮೋಸ ಮಾಡಿದೆ, ತಪ್ಪಾಯ್ತು. ಆದ್ರೆ ನಿಮ್ಮನ್ನ ಪ್ರೀತಿಸ್ತಿರೋದು ಸುಳ್ಳಲ್ಲ, ಯಶೋಧರಾ."

ಅವಳ ಎದೆ ಝಲ್ಲೆಂದಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಅಷ್ಟು ಬೇಗ ಇಳಿಯಲೂಬಾರದು!

"ನಮ್ಮನೆಗೆ ಬಂದು ಅಪ್ಪನ ಮುಂದೆ ಹೇಳು, ನಿಮ್ಮ ಮಗಳಿಗೆ ಸುಳ್ಳು ಹೇಳಿದೆ ಅಂತ. ಮೊದಲು ಅದು. ಪ್ರೀತಿ ಆಮೇಲೆ."

"ಈಗಲೇ ಬರ್ತೀನಿ."

"ಮುಂದಿನ ಸಿನಿಮಾದಲ್ಲಿ ಜನ ಎಲ್ಲಿ ನಗಬೇಕು ಅಂತ ನಾನು ಹೇಳ್ತೀನಿ."

"ಮುಂದಿನದು..." ಅವನ ಕಣ್ಣು ತುಂಬಿ ಬಂತು. "ಸರಿ. ಮೇಷ್ಟ್ರು ಎರಡೇಟು ಹಾಕಿದ್ರೆ?"

"ಹಾಕ್ಲಿ. ಬೇಡ ಅನ್ನಲ್ಲ." ಅವಳು ಮೊದಲ ಸಲ ಅವನ ಕೈ ಹಿಡಿದಳು. "ಮೂರನೇದಕ್ಕೆ ಅಡ್ಡ ಬರ್ತೀನಿ ಕಣೋ... ನಡಿ."