ಶುಕ್ರವಾರದ ಬಾಕಿ

ಬೆಟ್ಟದ ಇಳಿಜಾರಿನ ಭತ್ತಕ್ಕೆ ಹಾಲು ತುಂಬುತ್ತಿತ್ತು. ಗೀಜಗಗಳ ಹಿಂಡು ಬರುವುದೂ ಇದೇ ಕಾಲಕ್ಕೆ. ಹುಡುಗಿ ಬೈಂದು, ಬೆಳಕು ಹರಿಯುವ ಮೊದಲೇ ಹೊಲದ ಅಟ್ಟಣೆ ಹತ್ತಿ, ಕವಣೆ ಬೀಸುತ್ತ ‘ಹೋ’ ಎಂದು ಕೂಗುತ್ತಿದ್ದಳು. ಕೆಳಗಿನ ಹಾದಿಯಲ್ಲಿ ಹಸಿರು ಯೂನಿಫಾರ್ಮಿನ ಮಕ್ಕಳು ಶಾಲೆಗೆ ಹೊರಟಿದ್ದರು.

“ಏ ಗೀಜಗದ ರಾಣಿ, ಇವತ್ತೂ ರಜಾನಾ?” ಎಂದ ಅವಳ ಕ್ಲಾಸಿನ ವಾಂಡಿ.

ಬೈಂದು ಒಂದು ಮಣ್ಣುಂಡೆಯನ್ನು ಅವನ ತಲೆಯ ಮೇಲಿಂದ ಹಾಯಿಸಿದಳು. ಅವನು ಬಗ್ಗಿ ಓಡಿದ.

ಬಿತ್ತನೆಯ ಹೊತ್ತಿಗೆ ಯೆಮಾ ಅತ್ತೆ ಅವಳನ್ನು ಈ ಊರಿಗೆ ಕರೆತಂದಿದ್ದಳು. ಬೈಂದುವಿನ ಊರಲ್ಲಿ ಶಾಲೆ ಇರಲಿಲ್ಲ. ಓದಿಸುತ್ತೇನೆಂದು ಅತ್ತೆ ಅವ್ವನಿಗೆ ಮಾತು ಕೊಟ್ಟಿದ್ದಳು. ಓದಿಸಿಯೂ ಇದ್ದಳು, ಭತ್ತ ತೆನೆ ಒಡೆಯುವ ತನಕ. ಆಮೇಲೆ ಹೊಲಕ್ಕೆ ಕಾವಲು ಬೇಕಾಯಿತು. ಗಣಿ ಕೆಲಸಕ್ಕೆ ಹೋದ ಮಾವ ಬಂದಿರಲಿಲ್ಲ. ಅತ್ತೆಯ ಬೆನ್ನಿಗೆ ಹಸುಗೂಸು.

ಪರೀಕ್ಷೆ ಹತ್ತಿರವಿತ್ತು. ಭಿನ್ನರಾಶಿ ಶುರುವಾಗಿದೆ ಎಂದು ವಾಂಡಿ ಹೇಳಿದ್ದ. ಫೇಲಾದರೆ ಇನ್ನೊಂದು ವರ್ಷ ಅದೇ ಕ್ಲಾಸು.

ಅಂದು ಉಣ್ಣುವಾಗ ಬೈಂದು ಕೇಳಿಯೇಬಿಟ್ಟಳು, ನಾಳೆ ಒಂದು ದಿನ ಶಾಲೆಗೆ ಹೋಗಲೇ ಎಂದು. ಅತ್ತೆ ಮರಗೆಣಸಿನ ಸೊಪ್ಪಿನ ಸಾರನ್ನು ಅನ್ನಕ್ಕೆ ಕಲೆಸುತ್ತಲೇ ಕುಳಿತಳು. ಆ ಊರಲ್ಲಿ ಕೆಲಸಕ್ಕೆ ಕೆಲಸವೇ ಕೂಲಿ. ಒಬ್ಬರು ಒಂದು ದಿನ ನಿಮ್ಮ ಹೊಲ ಕೊಯ್ದರೆ, ನೀವೊಂದು ದಿನ ಅವರದು ಕೊಯ್ಯಬೇಕು. ತನಗೆ ಬರಬೇಕಾದ ದಿನವನ್ನು ಕೇಳಿ ವಸೂಲು ಮಾಡದವರನ್ನು ಊರು ದಡ್ಡರೆಂದು ನಗುತ್ತಿತ್ತು.

“ಇಷ್ಟು ದಿನ ನನ್ ಹೊಲ ಕಾದಿದ್ದೀಯ,” ಎಂದಳು ಅತ್ತೆ ಕೊನೆಗೆ. “ನಿಂದೂ ಒಂದ್ ದಿನ ನನ್ ಮೇಲಿದೆ. ನಾಳೆ ನಾನು ಅಟ್ಟಣೆ ಹತ್ತುತೀನಿ. ಹೋಗು.”

ಮರುದಿನ ಶಾಲೆಯಲ್ಲಿ ಲಹಾಯ್ ಮೇಷ್ಟ್ರು ಹಾಜರಿ ಕರೆದು ಪುಸ್ತಕ ಮುಚ್ಚಿ, ಎಲ್ಲರೂ ಕವಣೆ ತಗೊಳ್ಳಿ ಎಂದಾಗಲೇ ಬೈಂದುವಿಗೆ ಹೊಳೆದದ್ದು. ಅಂದು ಶುಕ್ರವಾರ. ಮೇಷ್ಟ್ರಿಗೆ ಸರ್ಕಾರದ ಸಂಬಳ ಇನ್ನೂ ಶುರುವಾಗಿರಲಿಲ್ಲ. ಅದರ ಬದಲಿಗೆ ಶುಕ್ರವಾರ ಮಕ್ಕಳು ಅವರ ಹೊಲದಲ್ಲಿ ದುಡಿಯುತ್ತಿದ್ದರು. ಅಟ್ಟಣೆಯ ಮೇಲೆ ದಿನಗಳೆಲ್ಲ ಒಂದೇ ಥರ. ಅವಳಿಗೆ ವಾರದ ನೆನಪೇ ತಪ್ಪಿಹೋಗಿತ್ತು.

“ಕವಣೇಲಿ ನಿನ್ನ ಮೀರಿಸೋರಿಲ್ಲ, ಬೈಂದು. ಮೇಲೆ ಹತ್ತು,” ಎಂದರು ಮೇಷ್ಟ್ರು, ತಮ್ಮ ಹೊಲದ ಅಟ್ಟಣೆ ತೋರಿಸುತ್ತ.

ಹತ್ತಿದಳು. ಕಣಿವೆಯ ಆಚೆ ಅತ್ತೆಯ ಅಟ್ಟಣೆ ಕಾಣುತ್ತಿತ್ತು. ಅಲ್ಲಿಂದ ಕೇಳುತ್ತಿದ್ದ ‘ಹೋ’ ಎಂಬ ಕೂಗು ಆಗಲೇ ಒಡೆದುಹೋಗಿತ್ತು. ಬೈಂದು ಕವಣೆ ಕೆಳಗಿಟ್ಟಳು.

“ಸರ್, ಅಲ್ಲಿ ನಮ್ಮತ್ತೆ ಕೂಗ್ತಿದಾಳೆ. ನಾನು ಭಿನ್ನರಾಶಿ ಕಲೀಲಿ ಅಂತ.”

ಮೇಷ್ಟ್ರು ಆ ಕಡೆಗೇ ನೋಡುತ್ತ ನಿಂತರು. ಕತ್ತಿನ ಬೆವರು ಒರೆಸಿಕೊಂಡರು. ಆಮೇಲೆ ಅವಳನ್ನು ಇಳಿಯಲು ಹೇಳಿ ತಾವೇ ಹತ್ತಿದರು. ವಾಂಡಿಗೆ ನೆಲದ ಮೇಲೆ ಒಂದು ಕಿತ್ತಳೆಯ ಚಿತ್ರ ಬರೆಯಲು ಹೇಳಿದರು.

“ಅರ್ಧದಲ್ಲಿ ಅರ್ಧ ಎಷ್ಟು? ಹೋ!”

“ಕಾಲು, ಸರ್! ಹೋ!”

ಮೇಷ್ಟ್ರ ಉಂಡೆಗಳು ಹಕ್ಕಿಗಳನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತಿದ್ದವು. ಮಕ್ಕಳು ನಕ್ಕರು. ಕಿತ್ತಳೆ ಎಂಟು ಹೋಳಾಗುವ ಹೊತ್ತಿಗೆ ದೊಡ್ಡ ಹಿಂಡೊಂದು ಎರಗಿತು. ಎಲ್ಲರೂ ಎದ್ದು ಓಡಬೇಕಾಯಿತು.

“ಭಿನ್ನರಾಶಿ ಕೂಡೋದು ಉಳೀತು,” ಎಂದರು ಮೇಷ್ಟ್ರು ಇಳಿಯುತ್ತ. “ಅದು ನನ್ ಮೇಲೆ ಬಾಕಿ.”

ಸಂಜೆ ಅತ್ತೆಯ ಗಂಟಲು ಪೂರ್ತಿ ಕೂತಿತ್ತು. ಹೊಲದ ಅಂಚಿನ ತೆನೆಗಳನ್ನು ಹಕ್ಕಿಗಳು ಹಿಂಡಿಬಿಟ್ಟಿದ್ದವು. ಏನು ಕಲಿತೆ ಎಂದು ಪಿಸುದನಿಯಲ್ಲಿ ಕೇಳಿದಳು. ಬೈಂದು ಯಾವುದನ್ನೂ ಮುಚ್ಚಿಡಲಿಲ್ಲ.

“ನಾನ್ ಗಂಟಲು ಹರ್ಕೊಂಡಿದ್ದು ಮೇಷ್ಟ್ರ ಭತ್ತಕ್ಕಾ?”

“ಅರ್ಧ ಪಾಠ ಆಯ್ತು, ಅತ್ತೆ. ಇನ್ನರ್ಧ ಬಾಕಿ ಅಂದ್ರು.”

ಅತ್ತೆ ಕೂಸನ್ನು ಬೆನ್ನಿನಿಂದ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡಳು.

“ಬಾಕಿ ಅಂತ ಅವರ ಬಾಯಲ್ಲೇ ಅಂದ್ರಾ?”

“ಹೂಂ. ಎಲ್ರೂ ಕೇಳಿಸ್ಕೊಂಡ್ರು.”

“ಹಾಗಾದ್ರೆ ಸೋಮವಾರ ಹೋಗಿ ವಸೂಲ್ ಮಾಡು. ಪೂರ್ತಿ ಆಗೋ ತನಕ ದಿನಾ ಹೋಗು.”

ಬೈಂದು ಹಳ್ಳದಿಂದ ಹಸಿ ಮಣ್ಣು ತಂದು ಕವಣೆಯುಂಡೆ ಕಟ್ಟಲು ಕುಳಿತಳು. ಬೆನ್ನಿಗೆ ಕೂಸು ಕಟ್ಟಿಕೊಂಡು ಕೈ ಜೋರಾಗಿ ಬೀಸಲಾಗದು. ಉಂಡೆಗಳನ್ನು ತನ್ನವಕ್ಕಿಂತ ಸಣ್ಣದಾಗಿ, ಅತ್ತೆಗೆ ಹಗುರವಾಗುವಂತೆ ಕಟ್ಟಿ, ಸೋಮವಾರಕ್ಕೆ ಒಣಗಲೆಂದು ಒಲೆಯ ಪಕ್ಕ ಸಾಲಾಗಿ ಇಟ್ಟಳು.