ಪ್ರೊಜೆಕ್ಟರಿಗೆ ಪೂಜೆ

"ಲೇ, ಕಿಟಕಿ ಮುಚ್ರಲೇ! ಬೆಳಕು ಬಂದ್ರ ಏನೂ ಕಾಣಂಗಿಲ್ಲ!"

ತುಳಸಿ ಕೂಗಿದ ಕೂಗಿಗೆ ಆರನೇ ಕ್ಲಾಸಿನ ನಾಲ್ಕೂ ಕಿಟಕಿಗಳು ದಡದಡ ಮುಚ್ಚಿಕೊಂಡವು. ಮೇಜಿನ ಮೇಲೆ ಕೂತಿದ್ದ ಪುಟ್ಟ ಪ್ರೊಜೆಕ್ಟರ್ ಗುಂಯ್ ಎಂದಿತು. ಎದುರಿನ ಸುಣ್ಣದ ಗೋಡೆಯ ಮೇಲೆ ಚಿತ್ರ ಮೂಡಿತು. ಮೂಡಿದ್ದೇನೋ ಸರಿ, ಆದರೆ ತಲೆಕೆಳಗಾಗಿ ಮೂಡಿತು. ಬಾಳೆಗಿಡದ ಬುಡ ಮೇಲೆ, ಎಲೆ ಕೆಳಗೆ.

"ಮಿಸ್, ಬಾಳಿಗಿಡ ಶೀರ್ಷಾಸನ ಹಾಕೈತ್ರಿ!" ಎಂದ ಶಂಭುಲಿಂಗ. ಇಡೀ ಕ್ಲಾಸು ಹೋ ಎಂದು ನಕ್ಕಿತು.

ಈ ಶಂಭುಲಿಂಗನ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ. ಅದನ್ನು ದಿನಕ್ಕೆ ನಾಲ್ಕು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ.

"ನಗಬ್ಯಾಡ್ರಲೇ. ಸೆಟಿಂಗ್ ಹಂಗೈತಿ ಅಷ್ಟ," ಎಂದು ತುಳಸಿ ಗುಂಡಿ ಒತ್ತಿದಳು. ಪಟ್ಟಿಯಲ್ಲಿ ಒಂದೊಂದೇ ಹೆಸರು ಓದುತ್ತಾ ಕೆಳಗಿಳಿದಳು. ಟಕ್! ಬಾಳೆಗಿಡ ನೆಟ್ಟಗೆ ನಿಂತಿತು.

ಆದರೂ ಚಿತ್ರದ ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಸಣ್ಣ. ತುಳಸಿ ಒಂದು ಕಣ್ಣು ಮುಚ್ಚಿ ನೋಡಿದಳು. ಮಷೀನು ಗೋಡೆಗೆ ಓರೆಯಾಗಿ ಕೂತಿತ್ತು. ಅದನ್ನು ನೇರ ಮಾಡಿ, ಕೆಳಗೆ ಎರಡು ನೋಟ್‌ಬುಕ್ ಇಟ್ಟು ಎತ್ತರಿಸಿದಳು. ಆಮೇಲೆ ಗಾಜಿನ ಹಿಂದಿನ ಉಂಗುರವನ್ನು ಮೆಲ್ಲಗೆ ತಿರುಗಿಸಿದಳು. ಮಸುಕಾಗಿದ್ದ ಬಾಳೆ ಎಲೆಯಲ್ಲಿ ಒಂದೊಂದು ಗೆರೆಯೂ ಕಾಣತೊಡಗಿತು.

ಈಗ ಯಾರೂ ನಗಲಿಲ್ಲ.

ಸುಮಲತಾ ಮಿಸ್ ಕೈಕಟ್ಟಿಕೊಂಡು ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಕಮಲಾಪುರದ ಈ ಶಾಲೆಯಲ್ಲಿ ಓದಿ ದೊಡ್ಡವರಾದ ಕೆಲವರು ಸೇರಿ, ಹದಿನೈದು ದಿನದ ಹಿಂದೆ ಈ ಪ್ರೊಜೆಕ್ಟರ್ ಕೊಟ್ಟಿದ್ದರು. ಟಿಫಿನ್ ಡಬ್ಬಿಗಿಂತ ತುಸು ದೊಡ್ಡದು, ಅಷ್ಟೇ. ಮೊದಲ ದಿನ ಎಲ್ಲರೂ ಮುತ್ತಿಕೊಂಡರು. ಎರಡನೇ ದಿನದಿಂದ ಊಟದ ಬಿಡುವಿನಲ್ಲಿ ಎಲ್ಲರೂ ಆಡಲು ಓಡಿದರು. ತುಳಸಿಯೊಬ್ಬಳೇ ಮಿಸ್ ಪಕ್ಕ ಕೂತು, ಮಷೀನಿನ ಜೊತೆ ಬಂದ ಪುಸ್ತಕವನ್ನು ಪುಟಪುಟ ತಿರುವಿದಳು.

"ನಾಳೆ ಪಾಲಕರ ಸಭಾ ಐತಿ," ಎಂದರು ಮಿಸ್. "ನಮ್ಮ ಕ್ಲಾಸಿನ ಕಡೆಯಿಂದ ಸುಗಂಧಿ ಬಾಳಿ ಮ್ಯಾಲೆ ಪ್ರೆಸೆಂಟೇಶನ್. ಮಷೀನ್ ಜವಾಬ್ದಾರಿ ತುಳಸಿದು."

"ಮಿಸ್, ನಮ್ಮನ್ಯಾಗ..."

"ಲ್ಯಾಪ್‌ಟಾಪ್ ಐತಿ, ಗೊತ್ತೈತಪಾ ಶಂಭುಲಿಂಗ. ನಾಳೆ ತುಳಸಿ ಕೈಲಿ ಏನಾರ ಎಡವಟ್ಟಾದ್ರ ಆಗ ನಿಂಗ ಕೊಡೋಣು."

ಶಂಭುಲಿಂಗ ಮೀಸೆ ಬರುವ ಜಾಗವನ್ನು ತಿರುವಿಕೊಂಡ. ತುಳಸಿ ಮಷೀನಿನ ಮೇಲೆ ಕೈ ಇಟ್ಟಳು. ಮಷೀನು ತನ್ನ ಕೈತಪ್ಪಿ ಇವನ ಕೈಗೆ ಹೋಗುವುದೆಂದರೆ!

ಬೆಳಗಿನ ಹೊತ್ತು ಶಾಲೆಯಲ್ಲಿ ಕರೆಂಟು ಇರುವುದೇ ಅಪರೂಪ. ಅದಕ್ಕೇ ಮನೆಗೆ ಒಯ್ದು ಚಾರ್ಜ್ ಮಾಡಿಕೊಂಡು ಬಾ ಎಂದು ಮಿಸ್ ಮಷೀನನ್ನು ಬ್ಯಾಗಿನಲ್ಲಿಟ್ಟು ಕೊಟ್ಟರು. "ನಾಲ್ಕು ಮಾತು ಮರೀಬ್ಯಾಡ. ಗಾಜು ಮುಟ್ಟಬಾರದು. ಗಾಳಿ ಕಿಂಡಿ ಮುಚ್ಚಬಾರದು. ಹಸಿರು ದೀಪ ಬರೋ ತನಕ ಚಾರ್ಜ್ ಬಿಡಿಸಬಾರದು. ಒಳಗಿನ ಫ್ಯಾನ್ ನಿಲ್ಲೋ ತನಕ ಬ್ಯಾಗಿಗೆ ಹಾಕಬಾರದು."

ತುಳಸಿ ಬ್ಯಾಗನ್ನು ಎದೆಗವಚಿಕೊಂಡು ನಡೆದಳು. ದಾರಿಯಲ್ಲಿ ಒಂದು ಕಲ್ಲನ್ನೂ ಒದೆಯಲಿಲ್ಲ.

ಮನೆಯ ಕಟ್ಟೆಯ ಮೇಲೆ ಅಜ್ಜಿ ಚೆನ್ನಬಸಮ್ಮ ಕೂತಿದ್ದಳು. ವಿಷಯ ಕೇಳಿದ್ದೇ ತಡ, ಎದ್ದು ನಿಂತು, ಎದುರುಮನೆಯ ಮುದುಕನನ್ನು ಕರೆದು ಬೀದಿಗೆಲ್ಲ ಕೇಳುವಂತೆ ಸಾರಿದಳು. "ಎರ್ರಿಯಪ್ಪಾ, ಕೇಳಿದೇನೋ? ಸಾಲಿ ಮಷೀನ್ ನಮ್ಮ ಹುಡುಗಿ ಕೈಗೆ ಕೊಟ್ಟಾರ! ಅಷ್ಟು ಮಂದಿ ಹುಡುಗ್ರೊಳಗ ನಮ್ಮ ತುಳಸಿಗೇ!"

"ಅಜ್ಜಿ, ಮೆಲ್ಲಗ!" ಎಂದಳು ತುಳಸಿ. ಆದರೆ ಒಳಗೊಳಗೇ ಉಬ್ಬಿಹೋದಳು.

ಅಪ್ಪ ಗಾದಿಲಿಂಗಪ್ಪ ಬಾಳೆಗೊನೆ ಕಡಿದು ಲಾರಿಗೆ ತುಂಬುವ ಕೆಲಸದವನು. ಅಮ್ಮ ಯಮನಮ್ಮನೂ ಅದೇ ತೋಟದಲ್ಲಿ ದುಡಿಯುತ್ತಾಳೆ. ನಾಳೆ ಲಾರಿ ಬರುವುದಿತ್ತು, ಇಬ್ಬರಿಗೂ ಬಿಡುವಿಲ್ಲ. "ಅದಕ್ಕೇನು, ನಾ ಹೊಕ್ಕೀನಿ," ಎಂದಳು ಅಜ್ಜಿ. ಹೊಸ ಇಳಕಲ್ ಸೀರೆಯನ್ನು ಆಗಲೇ ಪೆಟ್ಟಿಗೆಯಿಂದ ತೆಗೆದಿಟ್ಟಳು.

ಸಂಜೆ ಮಷೀನನ್ನು ಚಾರ್ಜಿಗೆ ಹಾಕಿದಾಗ ಅಜ್ಜಿ ಹತ್ತಿರ ಬಂದು ಕೂತಳು. "ಇದು ಹೆಂಗ ನಡೀತೈತೆ ಯವ್ವಾ? ನಂಗೂ ಸ್ವಲ್ಪ ಹೇಳು."

"ಅದೆಲ್ಲ ಇಂಗ್ಲಿಷ್‌ನಾಗೈತಿ ಅಜ್ಜಿ. ನಿಂಗ ತಿಳಿಯಂಗಿಲ್ಲ ಬಿಡು."

"ಹೌದನು," ಎಂದು ಅಜ್ಜಿ ಎದ್ದು ರೊಟ್ಟಿ ಬಡಿಯಲು ಹೋದಳು.

ಶನಿವಾರ ಬೆಳಿಗ್ಗೆ ತುಳಸಿ ಸ್ನಾನ ಮುಗಿಸಿ ಬಂದಾಗ ಮನೆತುಂಬ ಊದುಬತ್ತಿಯ ವಾಸನೆ. ದೇವರ ಮಾಡದ ಮುಂದೆ ಮಣೆ ಹಾಕಿತ್ತು. ಮಣೆಯ ಮೇಲೆ ಪ್ರೊಜೆಕ್ಟರ್! ನೆತ್ತಿಯ ಮೇಲೆ ಮೂರು ಎಳೆ ವಿಭೂತಿ, ಅದರ ಮೇಲೆ ಕನಕಾಂಬರ ಹೂವು. ಅಜ್ಜಿ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು.

"ಏನಜ್ಜಿ ಇದು?"

"ಹೊಸ ಟ್ರ್ಯಾಕ್ಟರ್ ಬಂದ್ರ ಪೂಜಿ ಮಾಡಂಗಿಲ್ಲೇನು? ಮಿಕ್ಸರ್ ತಂದಾಗ್ಲೂ ಮಾಡೀವಿ. ಹೊಸ ಮಷೀನ್ ಬರಿ ಹಣೀಲೆ ಮನಿ ದಾಟಬಾರದವ್ವ."

ತುಳಸಿಗೂ ಅದು ಸರಿ ಎನಿಸಿತು. ಶಂಭುಲಿಂಗನ ಲ್ಯಾಪ್‌ಟಾಪಿಗೆ ಇಂಥ ಪೂಜೆ ಆಗಿರಲಿಕ್ಕಿಲ್ಲ ಎಂದು ಖುಷಿಯೂ ಆಯಿತು. ಅವಳು ಜಡೆ ಹಾಕಿಕೊಳ್ಳುವಷ್ಟರಲ್ಲಿ ಅಜ್ಜಿ ಹೂವು ತೆಗೆದು, ವಿಭೂತಿ ಒರೆಸಿ, ಮಷೀನನ್ನು ಜೋಪಾನವಾಗಿ ಬ್ಯಾಗಿಗಿಟ್ಟಳು. ಅಜ್ಜಿಯ ಉಂಗುರ ಬೆರಳಿನ ತುದಿ ಕೆಂಪಗಿತ್ತು. ತುಳಸಿ ಅದನ್ನು ನೋಡಿದಳು, ಆದರೆ ಏನೂ ಹೊಳೆಯಲಿಲ್ಲ.

ಹತ್ತು ಗಂಟೆಗೆ ಶಾಲೆಯ ದೊಡ್ಡ ಕೋಣೆ ತುಂಬಿತು. ಜಮಖಾನದ ಮೇಲೆ ಅಪ್ಪಂದಿರು, ಅಮ್ಮಂದಿರು, ಕೂಸುಗಳು. ಮುಂದಿನ ಸಾಲಿನ ನಡುಮಧ್ಯೆ ಚೆನ್ನಬಸಮ್ಮಜ್ಜಿ. ಹೆಡ್ ಮಾಸ್ಟರ್ ಹಂಪಯ್ಯನವರು ಎರಡು ಮಾತಾಡಿದರು. ಎರಡು ಎಂದು ಹೇಳಿ ಇಪ್ಪತ್ತು ನಿಮಿಷ ಆಡಿದರು. ಕೊನೆಗೆ ಸುಮಲತಾ ಮಿಸ್ ತುಳಸಿಗೆ ಸನ್ನೆ ಮಾಡಿದರು. ಕಿಟಕಿಗಳು ಮುಚ್ಚಿದವು.

ತುಳಸಿ ಗುಂಡಿ ಒತ್ತಿದಳು. ಗುಂಯ್!

ಗೋಡೆಯ ಮೇಲೆ ಬಂದದ್ದು ಬಾಳೆತೋಟವಲ್ಲ, ಕೆಂಪು ಮಂಜು. ಅದರ ಹಿಂದೆಲ್ಲೋ ಬಾಳೆಗಿಡ ಇದ್ದೂ ಇಲ್ಲದ ಹಾಗಿತ್ತು. ತುಳಸಿ ಉಂಗುರವನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಮಂಜು ಅಲ್ಲಾಡಲಿಲ್ಲ.

"ಕೆಟ್ಟೋತ್ರಿ ಮಿಸ್!" ಶಂಭುಲಿಂಗ ಕೂತಲ್ಲಿಂದಲೇ ತೀರ್ಪು ಕೊಟ್ಟ.

ಮಿಸ್ ಬಂದು ಬಗ್ಗಿ ನೋಡಿದರು. "ಗಾಜಿಗೆ ಏನೋ ಕೆಂಪಗೆ ಹತ್ತೈತಲ್ಲ! ಇದನ್ನ ಯಾರು ಮುಟ್ಟಿದ್ರು ತುಳಸಿ?"

ಆಗ ಹೊಳೆಯಿತು. ಅಜ್ಜಿಯ ಬೆರಳು. ಕುಂಕುಮ!

ಅಜ್ಜಿಯ ಹೆಸರು ಹೇಳಿದರೆ ಇಷ್ಟು ಜನರೆದುರು ಅವಳು ನಗೆಪಾಟಲಾಗುತ್ತಾಳೆ. ಮಷೀನು ನಮ್ಮ ಮನೆಯಲ್ಲೇ ಹೀಗಾಯಿತು ಎಂದರೆ ಅದು ಶಂಭುಲಿಂಗನ ಪಾಲಾಗುತ್ತದೆ.

"ಗೊತ್ತಿಲ್ಲ ಮಿಸ್," ಎಂದುಬಿಟ್ಟಳು ತುಳಸಿ.

"ನಾನೇ ಟೀಚರಮ್ಮ, ನಾನೇ!"

ಮುಂದಿನ ಸಾಲಿನಲ್ಲಿ ಅಜ್ಜಿ ಎದ್ದು ನಿಂತಿದ್ದಳು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಮುಂಜೇಲಿ ಪೂಜಿ ಮಾಡಿ ಕುಂಕುಮ ಹಚ್ಚೀನ್ರಿ. ಹಣಿ ಎಲ್ಲೈತೋ ತಿಳಿಲಿಲ್ಲ. ದುಂಡಗ, ಪಳಪಳ ಹೊಳಿಯೋದು ಅದೊಂದೇ ಇತ್ತು. ಅದೇ ಹಣಿ ಇರಬೇಕಂತ ಅಲ್ಲೇ ಇಟ್ಟೆ."

ಕೋಣೆಗೆ ಕೋಣೆಯೇ ನಕ್ಕಿತು. ಹಂಪಯ್ಯ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಶಂಭುಲಿಂಗ ಹೊಟ್ಟೆ ಹಿಡಿದುಕೊಂಡ.

ಅಜ್ಜಿ ಮೊದಲು ತಾನೂ ನಕ್ಕಳು. ಆಮೇಲೆ ಸುತ್ತಲೂ ನೋಡಿದಳು. ಎಲ್ಲರೂ ನಗುತ್ತಿರುವುದು ತನ್ನನ್ನು ನೋಡಿಯೇ ಎಂದು ತಿಳಿಯಿತೇನೋ, ಸೆರಗನ್ನು ತಲೆತುಂಬ ಎಳೆದುಕೊಂಡು ಮೆಲ್ಲಗೆ ಕೂತಳು.

ತುಳಸಿಗೆ ನಾಚಿಕೆಯಾದದ್ದು ಅಜ್ಜಿಯಿಂದಲ್ಲ, ತನ್ನಿಂದಲೇ.

"ನಗಬ್ಯಾಡ್ರಿ!"

ತುಳಸಿಯ ದನಿ ಅವಳಿಗೇ ಗುರುತು ಸಿಗದಷ್ಟು ಜೋರಾಗಿತ್ತು. ಕೋಣೆ ಗಪ್ಪಾಯಿತು.

"ಮಿಸ್, ನಂಗ ಗೊತ್ತಿತ್ತು. ಸುಳ್ಳು ಹೇಳಿದೆ. ಗಾಜು ಮುಟ್ಟಬಾರದು ಅಂತ ನೀವು ನಂಗ ಹೇಳಿದ್ರಿ, ನಾ ಅಜ್ಜಿಗೆ ಹೇಳಲಿಲ್ಲ. ಅಕಿ ಕೇಳಿದ್ಲು. ನಿಂಗ ತಿಳಿಯಂಗಿಲ್ಲ ಅಂದುಬಿಟ್ಟೆ." ಮಷೀನಿನ ಮೇಲಿದ್ದ ಕೈ ತೆಗೆದಳು. "ಬೇಕಿದ್ರ ಮಷೀನ್ ಶಂಭುಲಿಂಗಗ ಕೊಡ್ರಿ. ಅಜ್ಜೀನ್ನ ನೋಡಿ ಮಾತ್ರ ಯಾರೂ ನಗಬ್ಯಾಡ್ರಿ."

ಮಿಸ್ ಶಂಭುಲಿಂಗನ ಕಡೆ ತಿರುಗಿದರು. "ಶಂಭುಲಿಂಗ, ಇದನ್ನ ಹೆಂಗ ಸರಿ ಮಾಡೋದು ಗೊತ್ತೈತೇನೋ?"

ಶಂಭುಲಿಂಗ ನೆಲ ನೋಡಿದ. ಲ್ಯಾಪ್‌ಟಾಪಿಗೆ ಯಾರೂ ಕುಂಕುಮ ಹಚ್ಚಿರಲಿಲ್ಲವಲ್ಲ!

"ನಿಂಗ ಗೊತ್ತೈತಾ ತುಳಸಿ?"

"ಗೊತ್ತೈತ್ರಿ."

"ಮತ್ತ ಮಾಡು. ಎಲ್ಲರಿಗೂ ಕೇಳೋ ಹಂಗ ಹೇಳಿಕೋಂತ ಮಾಡು."

ತುಳಸಿ ಮೂಗೊರೆಸಿಕೊಂಡಳು. "ಮೊದಲು ಆಫ್ ಮಾಡ್ಬೇಕು. ಗುಂಯ್ ಅನ್ನೋದು ಒಳಗಿನ ಫ್ಯಾನು. ಅದು ನಿಲ್ಲೋ ತನಕ ಕಾಯಬೇಕು, ಬ್ಯಾಗಿಗೂ ಹಾಕಬಾರದು. ಯಾಕಂದ್ರ ಮಷೀನ್ ಒಳಗ ಭಾಳ ಬಿಸಿ ಇರ್ತೈತಿ."

ಎಲ್ಲರೂ ಕಾದರು. ಕಂಕುಳಲ್ಲಿದ್ದ ಕೂಸುಗಳೂ ಸುಮ್ಮನಾದವು. ಫ್ಯಾನು ನಿಂತಿತು.

"ಈಗ ಬಟ್ಟಿ ಹಾಕಿ ತಿಕ್ಕಬಾರದು. ಪುಡಿ ಉಜ್ಜಿದ್ರ ಗಾಜಿಗೆ ಗೀರು ಬೀಳ್ತಾವು." ತನ್ನ ಡ್ರಾಯಿಂಗ್ ಡಬ್ಬಿಯಿಂದ ಇನ್ನೂ ಬಣ್ಣಕ್ಕೆ ಅದ್ದದ ಹೊಸ ಬ್ರಷ್ ತೆಗೆದಳು. ಬೆಕ್ಕಿನ ಮರಿಯ ಮೂಗು ಸವರಿದಷ್ಟು ಹಗುರವಾಗಿ ಕುಂಕುಮದ ಪುಡಿಯನ್ನು ಕೆಳಗೆ ಉದುರಿಸಿದಳು. "ಇದಾದ ಮ್ಯಾಲೆ ಮೆತ್ತನ ಬಟ್ಟಿ. ಸರ್, ನಿಮ್ಮ ಕನ್ನಡಕದ ಬಟ್ಟಿ ಕೊಡ್ರಿ. ನಡುವಿನಿಂದ ಹೊರಗ, ದುಂಡಗ ಒರೆಸಬೇಕು. ಒತ್ತಬಾರದು."

ಹಂಪಯ್ಯ ಸರ್ ತಡಮಾಡದೆ ಬಟ್ಟೆ ಕೊಟ್ಟರು. ಅವಳು ಒರೆಸಿದಳು. ಬಟ್ಟೆಯ ಮೇಲೆ ಒಂದು ಕೆಂಪು ಗುರುತು ಉಳಿಯಿತು. ತುಳಸಿ ಮತ್ತೆ ಗುಂಡಿ ಒತ್ತಿದಳು.

ಗೋಡೆಯ ತುಂಬ ಬಾಳೆತೋಟ! ಹಚ್ಚಹಸಿರು. ಎಲೆಯ ಮೇಲಿನ ಇರುವೆ ಕೂಡ ಕಾಣುತ್ತಿತ್ತು.

"ಇದು ಸುಗಂಧಿ ಬಾಳಿ," ತುಳಸಿ ಶುರುಮಾಡಿದಳು. ಕಂದು ಎಂಬ ಮರಿಗಿಡ ನೆಡುವುದು, ನೀರು ಬಿಡುವುದು, ಗೊನೆ ಭಾರಕ್ಕೆ ಬಾಗದಂತೆ ಕೋಲು ಕೊಡುವುದು, ಒಂದಾದ ಮೇಲೆ ಒಂದು ಬಂದವು. ಎಲ್ಲವೂ ಅಮ್ಮನ ಮೊಬೈಲಿನಲ್ಲಿ ಅವಳೇ ತೆಗೆದ ಫೋಟೊಗಳು. ಒಂದು ಚಿತ್ರದಲ್ಲಿ ಮುಖವೇ ಕಾಣದಷ್ಟು ದೊಡ್ಡ ಗೊನೆ ಹೊತ್ತು ಒಬ್ಬ ಮನುಷ್ಯ ಲಾರಿಯ ಕಡೆ ನಡೆಯುತ್ತಿದ್ದ.

"ಏ, ಅದು ನಮ್ಮ ಗಾದಿಲಿಂಗಪ್ಪನ ನಡಿಗಿ ಅಲ್ಲೇನು!" ಯಾರೋ ಕೂಗಿದರು.

"ಹಿಂದ ಇರೋದು ನಾನು! ನೋಡ್ರಿ, ನಾನು!" ಎಂದು ಇನ್ನೊಬ್ಬರು ಎದ್ದೇ ನಿಂತರು.

ದಿನಾ ಹೊರುವ ಗೊನೆ, ದಿನಾ ತುಳಿಯುವ ಕೆಸರು. ಆದರೆ ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಕಂಡಾಗ ಜನ ಕಣ್ಣು ಮಿಟುಕಿಸದೆ ನೋಡಿದರು. ಕೊನೆಯ ಚಿತ್ರ ಮುಗಿದ ಮೇಲೆ ಬಿದ್ದ ಚಪ್ಪಾಳೆಗೆ ಹೊರಗಿನ ಪಾರಿವಾಳಗಳು ಹಾರಿಹೋದವು. ಅಪ್ಪ ಇದನ್ನು ನೋಡಬೇಕಿತ್ತು ಎಂದು ತುಳಸಿಗೆ ಎನಿಸಿತು.

"ಸುಳ್ಳು ಹೇಳಿದ್ದು ನಂಗ ಸೇರಲಿಲ್ಲ," ಎಂದರು ಮಿಸ್, ಅವಳಿಗೊಬ್ಬಳಿಗೇ ಕೇಳುವಂತೆ. "ಆಮ್ಯಾಲೆ ಹೇಳಿದ್ದು ಸೇರಿತು. ಸೋಮವಾರದಿಂದ ಏಳನೇ ಕ್ಲಾಸಿನವರಿಗೂ ನೀನೇ ಕಲಿಸಬೇಕು. ಮಷೀನ್ ನಿನ್ನ ಹತ್ರಾನೇ ಇರ್ತೈತಿ."

ತುಳಸಿ ಹ್ಞೂಂ ಎಂದಳು. ಅಷ್ಟರಲ್ಲಿ ಮೇಜಿನ ಕಡೆಯಿಂದ ಗಲಾಟೆ ಕೇಳಿಸಿತು. ಜನ ಪ್ರೊಜೆಕ್ಟರ್ ನೋಡಲು ಮುತ್ತಿಕೊಂಡಿದ್ದರು. ಅವಳು ಗಾಬರಿಯಿಂದ ಓಡಿದಳು.

ಮೇಜಿಗೆ ಅಡ್ಡವಾಗಿ ಅಜ್ಜಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ಎರ್ರಿಯಪ್ಪ, ಕೈ ಹಿಂದಕ್ಕ! ಗಾಜು ಮುಟ್ಟಬಾರದು. ಲೇ ಹುಡುಗ, ನಿಂಗೇ ಹೇಳಿದ್ದು," ಎಂದು ಶಂಭುಲಿಂಗನ ಕೈಗೆ ಮೆಲ್ಲಗೆ ಒಂದು ಕೊಟ್ಟಳು. "ಗುಂಯ್ ಅನ್ನಾಕತ್ತೈತಿ, ಕೇಳಿಸ್ತೇನು? ಒಳಗ ಫ್ಯಾನ್ ಐತಿ. ಅದು ನಿಲ್ಲೋ ತನಕ ಬ್ಯಾಗಿಗೆ ಹಾಕಬಾರದು, ಒಳಗ ಭಾಳ ಬಿಸಿ. ಗಾಜಿಗೆ ಏನಾರ ಹತ್ತಿದ್ರ ಮೊದಲು ಬ್ರಷ್, ಆಮ್ಯಾಲೆ ಮೆತ್ತನ ಬಟ್ಟಿ. ನಡುವಿನಿಂದ ಹೊರಗ, ದುಂಡಗ. ಒತ್ತಂಗಿಲ್ಲ."

"ಪೂಜಿ ಮಾಡೋದಾದ್ರ?" ಎರ್ರಿಯಪ್ಪ ತಾತ ಕೆಣಕಿದ.

"ನೆತ್ತಿ ಮ್ಯಾಲೆ ಮಾಡು. ಬ್ಯಾಡ ಅಂದೋರು ಯಾರು?"

ತುಳಸಿ ನಿಂತಲ್ಲೇ ನಿಂತಳು. ಅವಳಿಗೆ ಇದನ್ನೆಲ್ಲ ಕಲಿಯಲು ಹದಿನೈದು ದಿನದ ಊಟದ ಬಿಡುವು ಬೇಕಾಗಿತ್ತು. ಅಜ್ಜಿ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಒಂದೇ ಒಂದು ಸಲ ಕೇಳಿಸಿಕೊಂಡಿದ್ದಳು.

ಗಾಳಿ ಕಿಂಡಿಯ ಮಾತು ಬಿಟ್ಟುಹೋಗಿತ್ತು. ತುಳಸಿ ಗುಂಪಿನೊಳಗೆ ನುಗ್ಗಿ ಅಜ್ಜಿಯ ಪಕ್ಕ ನಿಂತಳು. "ಅಜ್ಜಿ, ಇಲ್ಲಿ ನೋಡು, ಇವು ಗಾಳಿ ಕಿಂಡಿ," ಎಂದು ಮೆಲ್ಲಗೆ ಹೇಳಿದಳು. "ಇವನ್ನ ಯಾವತ್ತೂ ಮುಚ್ಚಬಾರದು."

ಅಜ್ಜಿ ಬಗ್ಗಿ, ಕಿಂಡಿಗಳನ್ನು ಒಂದೊಂದಾಗಿ ನೋಡಿ, ತಲೆಯಾಡಿಸಿದಳು. ಆಮೇಲೆ ಎದ್ದು ನಿಂತು ಅದನ್ನೂ ಎಲ್ಲರಿಗೂ ಹೇಳತೊಡಗಿದಳು. ತುಳಸಿ ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತು ಕೇಳಿದಳು.